ಜಲಾಶಯದಲ್ಲಿ ತಾಪಮಾನ–ಟರ್ಬಿಡಿಟಿ ಪ್ರೋಬ್: ಹಲವು ಋತುಗಳ ಬಳಕೆಯ ನಂತರ

ನೀರಿನ ತಾಪಮಾನವನ್ನೂ ಟರ್ಬಿಡಿಟಿಯನ್ನೂ, ಅಂದರೆ ಬಗ್ಗಡವನ್ನೂ, ಒಟ್ಟಿಗೆ ಅಳೆಯುವ ಈ ಪ್ರೋಬನ್ನು ಎಲ್ಲ ಋತುಗಳಲ್ಲೂ ಜಲಾಶಯಕ್ಕೆ ಇಳಿಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ತಾಪಮಾನದ ಬಗ್ಗೆ ನನ್ನದು ಯಾವ ತಕರಾರೂ ಇಲ್ಲ. ಟರ್ಬಿಡಿಟಿಯ ಅಂಕಿಯನ್ನು ಮಾತ್ರ ಹಾಗೆಯೇ ನಂಬಬಾರದು.

ಬೇಸಿಗೆಯಲ್ಲಿ ಕೇಬಲ್ಲನ್ನು ಮೀಟರ್ ಮೀಟರಾಗಿ ಇಳಿಸುತ್ತ ಹೋದರೆ, ಬಿಸಿಲಿಗೆ ಕಾದ ಮೇಲ್ಪದರದಲ್ಲಿ ತಾಪಮಾನ ಹೆಚ್ಚುಕಡಿಮೆ ಒಂದೇ ಇದ್ದು, ನಂತರದ ಕೆಲವೇ ಮೀಟರುಗಳಲ್ಲಿ ಸರ್ರನೆ ಇಳಿದು, ತಳದ ತಣ್ಣೀರಿನಲ್ಲಿ ಮತ್ತೆ ಸ್ಥಿರವಾಗುತ್ತದೆ. ಚಳಿ ಬಿದ್ದು ಮೇಲಿನ ನೀರು ಭಾರವಾಗಿ ಕೆಳಗಿಳಿದಂತೆ ಈ ವ್ಯತ್ಯಾಸ ಕರಗುವುದೂ ಸ್ಪಷ್ಟವಾಗಿ ಕಾಣುತ್ತದೆ.

ಪ್ರೋಬಿನ ನಿಜವಾದ ಉಪಯೋಗ ಗೊತ್ತಾಗುವುದು ಹೊಸ ನೀರು ಬಂದಾಗ. ಅಣೆಕಟ್ಟಿನ ಬಳಿ ಮೇಲ್ಮೈ ತಿಳಿಯಾಗಿಯೇ ಇರುವಾಗ ಕೆಳಗೆ ಕೆಂಪು ನೀರಿನ ಪದರ ಬಂದು ಸೇರಿರಬಹುದು. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀರು ಒಂದು ಡಿಗ್ರಿ ತಣ್ಣಗಾದರೆ ಅದರ ಸಾಂದ್ರತೆ ಘನ ಮೀಟರಿಗೆ ಸುಮಾರು 0.26 ಕಿಲೋಗ್ರಾಂ ಹೆಚ್ಚುತ್ತದೆ. ಲೀಟರಿಗೆ ಸುಮಾರು 400 ಮಿಲಿಗ್ರಾಂ ಹೂಳು ಬೆರೆತರೂ ಸಾಂದ್ರತೆ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆ. ಆದ್ದರಿಂದ ಪ್ರವಾಹದ ನೀರು ತಳ ಹಿಡಿದು ಹರಿಯುವುದೋ, ನಡುವಿನ ಪದರದಲ್ಲಿ ನುಗ್ಗುವುದೋ ಎಂಬುದನ್ನು ಎರಡೂ ಅಂಕಿಗಳನ್ನು ಜೊತೆಗಿಟ್ಟು ನೋಡದೆ ಹೇಳಲಾಗದು. ಕುಡಿಯುವ ನೀರನ್ನು ಯಾವ ಮಟ್ಟದಿಂದ ಎಳೆಯಬೇಕು, ತಳದ ಗೇಟನ್ನು ಯಾವಾಗ ತೆರೆದು ಹೂಳನ್ನು ಹೊರಬಿಡಬೇಕು ಎಂದು ನಿರ್ಧರಿಸುವವರಿಗೆ ಇದಕ್ಕಿಂತ ಬೇಕಾದ ಮಾಹಿತಿ ಬೇರೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ಸೆನ್ಸರ್ ಅಳೆಯುವುದು ಹೂಳಿನ ತೂಕವನ್ನಲ್ಲ, ಕಣಗಳಿಗೆ ತಾಗಿ ಚದುರುವ ಇನ್‌ಫ್ರಾರೆಡ್ ಬೆಳಕನ್ನು. ತೂಕ ಒಂದೇ ಆದರೂ ನಯವಾದ ಜೇಡಿ ಮರಳಿಗಿಂತ ಬಹಳ ಹೆಚ್ಚು ಬೆಳಕನ್ನು ಚದುರಿಸುತ್ತದೆ. ಬೇಸಿಗೆಯ ಪಾಚಿಯೂ ಅಂಕಿಯನ್ನು ಏರಿಸುತ್ತದೆ. ಹಾಗಾಗಿ ಪ್ರತಿ ಋತುವಿನಲ್ಲೂ ಬೇರೆಬೇರೆ ಆಳದ ನೀರನ್ನು ಬಾಟಲಿಗಳಲ್ಲಿ ತಂದು, ಸೋಸಿ, ಒಣಗಿಸಿ, ತೂಗಿ, ಅಂಕಿಗೂ ತೂಕಕ್ಕೂ ಇರುವ ಸಂಬಂಧವನ್ನು ಹೊಸದಾಗಿ ಕಂಡುಕೊಳ್ಳಬೇಕು. ಇಷ್ಟು ಮುಖ್ಯವಾದ ವಿಷಯವನ್ನು ಕೈಪಿಡಿಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿರುವುದು ಸರಿಯಲ್ಲ.

ಇನ್ನೊಂದು ತೊಂದರೆ ಲೋಳೆ. ಬೆಚ್ಚಗಿನ ಮೇಲ್ಪದರದಲ್ಲೇ ಪ್ರೋಬ್ ಬಿಟ್ಟರೆ ಗಾಜಿನ ಕಿಂಡಿಗೆ ಲೋಳೆ ಕಟ್ಟಿ, ನೀರು ತಿಳಿಯಾಗಿದ್ದರೂ ಅಂಕಿ ದಿನೇ ದಿನೇ ಏರುತ್ತ ಹೋಗುತ್ತದೆ. ಒರೆಸಿದ ಕೂಡಲೇ ಕೆಳಗೆ ಬೀಳುತ್ತದೆ. ವೈಪರ್ ಇದೆ, ಆದರೆ ಅದರ ರಬ್ಬರ್ ಅಂಚಿಗೆ ಮರಳು ಸಿಕ್ಕಿಕೊಂಡರೆ ಕಿಂಡಿಗೆ ಗೀರು ಬೀಳುತ್ತದೆ. ಆಗಾಗ ಬಿಚ್ಚಿ ತೊಳೆಯಲೇಬೇಕು. ಬ್ಯಾಟರಿ ಚೆನ್ನಾಗಿ ಬಾಳುತ್ತದೆ.

ಮಾದರಿ ತಂದು ಸೋಸಿ ತೂಗುವ ವ್ಯವಸ್ಥೆ ಇರುವವರು ನಿಶ್ಚಿಂತೆಯಿಂದ ಕೊಳ್ಳಬಹುದು. ತಾಪಮಾನವಷ್ಟೇ ಸಾಕೆನ್ನುವವರಿಗೆ ಹಗ್ಗಕ್ಕೆ ಆಳಕ್ಕೊಂದರಂತೆ ಕಟ್ಟುವ ಸಾಧಾರಣ ಲಾಗರ್‌ಗಳೇ, ಅಂದರೆ ತಾಪಮಾನವನ್ನು ತಾವಾಗಿಯೇ ದಾಖಲಿಸಿಕೊಳ್ಳುವ ಸಣ್ಣ ಸಾಧನಗಳೇ, ಸಾಕು.