ದೂರದ ಸರ್ವರ್‌ಗೆ ಉಬುಂಟುವಿನ ಡು-ರಿಲೀಸ್-ಅಪ್‌ಗ್ರೇಡ್: ನಂಬಬಹುದೇ?

ಉಬುಂಟುವನ್ನು ಹೊಸ ಆವೃತ್ತಿಗೆ ಏರಿಸುವ ಈ ಆಜ್ಞೆಯನ್ನು ಧಾರಾಳವಾಗಿ ನಂಬಬಹುದು, ಆದರೆ ಸ್ನ್ಯಾಪ್‌ಶಾಟ್ (ಸರ್ವರ್‌ನ ಆ ಕ್ಷಣದ ನಕಲು) ಇಲ್ಲದೆ ಬೇಡ. ಹಳೆಯ ಆವೃತ್ತಿಗೆ ಮರಳುವ ದಾರಿ ಇದರಲ್ಲಿಲ್ಲ. 22.04ರಿಂದ 24.04ಕ್ಕೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವಿಧಾನ) ಮೂಲಕ ಹೋಗುವಾಗ ಇದು 1022ನೇ ಪೋರ್ಟ್‌ನಲ್ಲಿ ಇನ್ನೊಂದು ಎಸ್‌ಎಸ್‌ಎಚ್ ಸೇವೆ ಎಬ್ಬಿಸುತ್ತದೆ, ಕೆಲಸವನ್ನು ‘ಸ್ಕ್ರೀನ್’ ಎಂಬ, ಸಂಪರ್ಕ ತಪ್ಪಿದರೂ ಓಡುತ್ತಲೇ ಇರುವ ಪ್ರೋಗ್ರಾಂ ಒಳಗೆ ನಡೆಸುತ್ತದೆ. ನಿಮ್ಮ ಕಡೆಯ ನೆಟ್ ಕಡಿದರೂ ಅಪ್‌ಗ್ರೇಡ್ ನಿಲ್ಲುವುದಿಲ್ಲ. ಅದ್ಭುತ ಏರ್ಪಾಡು! ಫೈರ್‌ವಾಲ್‌ನಲ್ಲಿ ಆ ಪೋರ್ಟ್ ತೆರೆಯುವುದು ಮಾತ್ರ ನಿಮ್ಮದೇ ಕೆಲಸ; ಮುಗಿದ ಮೇಲೆ ಮರೆಯದೆ ಮುಚ್ಚಿ.

ಎಡವುವುದು ಸಾಮಾನ್ಯವಾಗಿ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ (ಎಸ್‌ಎಸ್‌ಎಚ್ ಸೇವೆಯ ಸೆಟ್ಟಿಂಗ್ ಫೈಲ್) ಬದಲಿಸಬೇಕೇ ಎಂದು ಕೇಳಿದಾಗ. ಆತುರದಲ್ಲಿ ಪ್ಯಾಕೇಜ್‌ನ ಹೊಸ ಫೈಲನ್ನು ಆರಿಸಿದರೆ ನೀವು ಬದಲಿಸಿದ್ದ ಪೋರ್ಟ್, ಲಾಗಿನ್ ನಿಯಮಗಳೆಲ್ಲ ಹೋಗಿ, ರೀಬೂಟ್ ಆದಮೇಲೆ ಹೊರಗೇ ಉಳಿಯಬಹುದು. ವ್ಯತ್ಯಾಸ ತೋರಿಸುವ ಆಯ್ಕೆ ಆರಿಸಿ ನೋಡಿ, ನಂತರ ಹಳೆಯದನ್ನೇ ಉಳಿಸಿಕೊಳ್ಳಿ. ಹೊರಗಿನ ರೆಪಾಸಿಟರಿಗಳನ್ನು (ಉಬುಂಟುವಿನದಲ್ಲದ ಪ್ಯಾಕೇಜ್ ಮೂಲಗಳನ್ನು) ಈ ಅಪ್‌ಗ್ರೇಡ್ ನಿಷ್ಕ್ರಿಯಗೊಳಿಸುತ್ತದೆ. ಡೇಟಾಬೇಸ್ ಅಲ್ಲಿಂದ ಬಂದಿದ್ದರೆ ಹೊಸ ಆವೃತ್ತಿಗೆ ಅದರ ಪ್ಯಾಕೇಜ್ ಇದೆಯೇ ಎಂದು ಮೊದಲೇ ನೋಡಿ. ರೀಬೂಟ್‌ಗೆ ಮುನ್ನ ಸೀರಿಯಲ್ ಕನ್ಸೋಲ್ (ಎಸ್‌ಎಸ್‌ಎಚ್ ಇಲ್ಲದೆಯೂ ಸರ್ವರ್ ತಲುಪುವ ದಾರಿ) ತೆರೆದಿಟ್ಟಿರಿ.