ಡಿಜೆಐ ಮೈಕ್ 2: ಅಳು ನುಂಗುವ ಪಾತ್ರಗಳಿಗೆ ತಕ್ಕ ಮೈಕು

‘ಗಂಡಸಾಗಿ ಅಳ್ತಿ ಏನಲೇ’ ಎಂದು ಮಗನಿಗೆ ಗದರುವ ಅಪ್ಪ, ಮರುಗಳಿಗೆಯೇ ‘ಏನೂ ಆಗಿಲ್ಲಪಾ’ ಎಂದು ತನ್ನ ಅಳು ನುಂಗುತ್ತಾನೆ. ಇಂಥ ನಗು-ಅಳುವಿನ ಕಿರುಚಿತ್ರ ಮಾಡುವವರು ಕ್ಯಾಮೆರಾಕ್ಕಿಂತ ಮೊದಲು ಮೈಕು ನೋಡಿಕೊಳ್ಳಬೇಕು. ಪಿಸುಮಾತಿಗೆ ತಕ್ಕಂತೆ ಮೈಕಿನ ಲೆವೆಲ್ ಇಟ್ಟರೆ ಗದರಿಕೆ ಒಡೆಯುತ್ತದೆ, ಗದರಿಕೆಗೆ ಇಟ್ಟರೆ ಪಿಸುಮಾತು ಹೂತುಹೋಗುತ್ತದೆ.

2024ರ ಜನವರಿಯಲ್ಲಿ ಬಂದ ಡಿಜೆಐ ಮೈಕ್ 2 ಎಂಬ ತಂತಿಯಿಲ್ಲದ ಮೈಕು ಗೆಲ್ಲುವುದು ಇಲ್ಲೇ. ನಟನ ಮೈಮೇಲೆ ಸಿಕ್ಕಿಸುವ ಟ್ರಾನ್ಸ್‌ಮಿಟರಿನೊಳಗೆ 8 ಜಿಬಿ ಮೆಮೊರಿ ಇದ್ದು, ತೀರ ಮೆಲುದನಿಯನ್ನೂ ತೀರ ಜೋರು ದನಿಯನ್ನೂ ಒಟ್ಟಿಗೇ ಹಿಡಿದಿಡುವ 32 ಬಿಟ್ ಫ್ಲೋಟ್‌ನಲ್ಲಿ ಧ್ವನಿ ದಾಖಲಾಗುತ್ತದೆ. ಗದರಿಕೆಯನ್ನು ಎಡಿಟಿಂಗ್‌ನಲ್ಲಿ ಇಳಿಸಬಹುದು, ಬಿಕ್ಕಳಿಕೆಯನ್ನು ಏರಿಸಬಹುದು. ಆದರೆ ಮೆನುವಿನಲ್ಲಿ ಇದನ್ನು ಆನ್ ಮಾಡಿಕೊಳ್ಳಬೇಕು. ಕ್ಯಾಮೆರಾಕ್ಕೆ ಹೋಗುವ ಧ್ವನಿಗೆ ಈ ಸೌಲಭ್ಯವಿಲ್ಲ. ಅದನ್ನು ಚಿತ್ರಕ್ಕೆ ಒಳಗಿನ ದಾಖಲೆಯನ್ನು ಹೊಂದಿಸಿಕೊಳ್ಳಲು ಮಾತ್ರ ಬಳಸಿ. ಎಡಿಟಿಂಗ್ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಧ್ವನಿಯ ಅಲೆಗೆರೆಯಾದ ವೇವ್‌ಫಾರ್ಮ್ ನೋಡಿ ಎರಡನ್ನೂ ಕೂಡಿಸಬಹುದು.

ಇನ್ನೊಂದು ಲಾಭವಿದೆ. ಕಣ್ಣೀರು ಮುಚ್ಚಿಕೊಳ್ಳಲು ಪಾತ್ರ ಬೆನ್ನು ತಿರುಗಿಸಿತೆಂದರೆ ಮೈ ಅಡ್ಡ ಬಂದು ಕ್ಯಾಮೆರಾದ ರಿಸೀವರಿಗೆ ಹೋಗುವ 2.4 ಗಿಗಾಹರ್ಟ್ಸ್ ಸಿಗ್ನಲ್ ಕಡಿಯಬಹುದು. ಸೂಪರ್ ಮಾರ್ಕೆಟ್ಟಿನ ಗದ್ದಲದಲ್ಲಿ, ನೂರಾರು ಫೋನುಗಳ ನಡುವೆ, ಈ ತೊಂದರೆ ಇನ್ನೂ ಹೆಚ್ಚು. ಆಗಲೂ ಒಳಗಿನ ದಾಖಲೆಗೆ ಏನೂ ಆಗದು.

ಫ್ಲೋಟ್ ಇದ್ದರೆ ಎಲ್ಲ ಸರಿಹೋಗುತ್ತದೆ ಎಂಬುದು ತಪ್ಪು. ಪಿಸುಮಾತು ಏರಿಸಿದಷ್ಟೂ ಫ್ಯಾನಿನ ಸದ್ದೂ ಏರುತ್ತದೆ. ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ಕೂಲರ್ ಆರಿಸಿ ನಟಿಸುವುದು ಕಷ್ಟ. ಆಪ್ತ ದೃಶ್ಯಗಳನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ. ಶಹಾಬಾದ್ ಕಲ್ಲಿನ ನೆಲವಿರುವ ಕೋಣೆ ಮಾತನ್ನು ಗುಂಯ್‌ಗುಡಿಸುತ್ತದೆ. ಚೌಕಟ್ಟಿನ ಹೊರಗೆ ಎರಡು ಗೋಡೆಗೆ ದಪ್ಪ ಕೌದಿ ಇಳಿಬಿಟ್ಟು, ನೆಲಕ್ಕೊಂದು ಹಾಸಿದರೆ ಗಣನೀಯವಾಗಿ ತಗ್ಗುತ್ತದೆ. ಹಿನ್ನೆಲೆ ಸದ್ದನ್ನು ತಾನೇ ಅಳಿಸುವ ನಾಯ್ಸ್ ಕ್ಯಾನ್ಸಲಿಂಗ್ ಮಾತ್ರ ಬೇಡವೇ ಬೇಡ. ಮೂಗೆಳೆಯುವ ಸದ್ದು, ತಡವರಿಸುವ ಉಸಿರು, ಪಾತ್ರದ ಜೀವ ಇರುವುದೇ ಅವುಗಳಲ್ಲಿ, ಮತ್ತು ಅದು ಮೊದಲು ಒರೆಸಿಹಾಕುವುದೂ ಅವನ್ನೇ.

28 ಗ್ರಾಂ ತೂಕದ ಟ್ರಾನ್ಸ್‌ಮಿಟರ್ ತೆಳು ಬನಿಯನ್ನನ್ನು ಜಗ್ಗುತ್ತದೆ, ಎದೆಯ ಮೇಲೆ ಎದ್ದು ಕಾಣುತ್ತದೆ. 3.5 ಎಂ.ಎಂ. ಜ್ಯಾಕಿಗೆ ಪುಟ್ಟ ಕಾಲರ್ ಮೈಕು ಸಿಕ್ಕಿಸಿ, ಗದ್ದದಿಂದ ಒಂದು ಗೇಣು ಕೆಳಗೆ, ಗಾಯಕ್ಕೆ ಹಚ್ಚುವ ಮೈಕ್ರೋಪೋರ್ ಟೇಪಿನಿಂದ ಬಟ್ಟೆಯ ಒಳಮೈಗೆ ಅಂಟಿಸಿ. ಇನ್ನೂ ಮೇಲೆ ಕಟ್ಟಿದರೆ, ತಲೆ ತಗ್ಗಿಸಿ ಅಳುವಾಗ ಗದ್ದ ತಾಗಿ ಕರಕರ ಎನ್ನುತ್ತದೆ. ಬಟ್ಟೆ ಸರಸರ ಎನ್ನದಿರಲು ಪಾಲಿಯೆಸ್ಟರ್ ಅಂಗಿ ಬಿಟ್ಟು ಹತ್ತಿಯದೇ ಕೊಡಿ, ಅದೂ ಗಂಜಿ ಹಾಕದ್ದು.

ಬಚ್ಚಲಲ್ಲಿ ನಳ ಬಿಟ್ಟುಕೊಂಡು ಅಳುವ ದೃಶ್ಯ ಇಂಥ ಕಥೆಗಳಲ್ಲಿ ಬಂದೇ ಬರುತ್ತದೆ. ನೀರಿನ ಸದ್ದನ್ನು ಆಮೇಲೆ ಬೇರೆಯಾಗಿ ಹಿಡಿಯಿರಿ. ನೀರು ಚಿತ್ರದಲ್ಲಿ ಕಾಣಲೇಬೇಕಿದ್ದರೆ ಬಕೆಟ್ಟಿನೊಳಗೆ ದಪ್ಪ ಟವೆಲ್ ಹಾಕಿ, ಧಾರೆ ಅದರ ಮೇಲೆ ಬೀಳಲಿ.

ಕಂಪನಿ ಹೇಳುವ ಬ್ಯಾಟರಿ 6 ಗಂಟೆಯದು. ಊಟದ ಬಿಡುವಿನಲ್ಲಿ ಕೇಸಿಗೆ ಹಾಕಿ ಚಾರ್ಜ್ ಮಾಡಿ. ಹಿನ್ನೆಲೆ ನಿರೂಪಣೆಯಷ್ಟೇ ಇರುವ ಚಿತ್ರಕ್ಕೆ ಇಷ್ಟು ಹಣ ಹಾಕಬೇಕಿಲ್ಲ, ತಂತಿಯ ಕಾಲರ್ ಮೈಕು ಸಾಕು. ಇಬ್ಬರು ಎದುರುಬದುರು ಕೂತು ಜಗಳವಾಡಿ ಮೌನಕ್ಕಿಳಿಯುವ ಚಿತ್ರಕ್ಕಾದರೆ ಎರಡು ಟ್ರಾನ್ಸ್‌ಮಿಟರಿನ ಸೆಟ್ಟನ್ನೇ ಕೊಳ್ಳಿ.