ಮುಳ್ಳಯ್ಯನಗಿರಿಯಾ, ಶೆಟ್ಟಿಹಳ್ಳಿಯಾ?

ಸಂಗಾತಿ ಜೊತೆ ಸುಮ್ನೆ ಒಂದು ದಿನ ಹೊರಗೆ ಕಳೆಯಬೇಕು ಅನಿಸುತ್ತೆ, ಅಲ್ವಾ? ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ, ಸುಮಾರು 1,930 ಮೀಟರ್. ಏಪ್ರಿಲ್‌ನಲ್ಲೂ ಬೆಳಗ್ಗೆ ತಂಪು ಗಾಳಿ. ಆದರೆ ಶನಿವಾರ, ಭಾನುವಾರ ಗಾಡಿಗಳ ಸಾಲು, ಇಬ್ಬರೇ ಕೂತು ಮಾತಾಡೋಕೆ ಜಾಗ ಸಿಗೋದು ಕಷ್ಟ.

ನನ್ನ ಆಯ್ಕೆ ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚ್. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಲ್ಲಿ ಅರ್ಧ ಮುಳುಗುವ ಈ ಹಳೇ ಕಟ್ಟಡದ ಹತ್ತಿರಕ್ಕೆ ಬೇಸಿಗೆಯಲ್ಲಿ ನೀರು ಇಳಿದಾಗ ನಡೆದೇ ಹೋಗಬಹುದು, ಕಾಲಡಿ ಒಣಗಿ ಬಿರಿದ ಕೆಸರು, ಎದುರಿಗೆ ಚಾವಣಿ ಇಲ್ಲದ ಕಮಾನುಗಳು, ಅವುಗಳ ನಡುವೆ ಆಕಾಶ. ಗೋಡೆಗೆ ಮಾತ್ರ ಒರಗಬೇಡಿ, ತುಂಬಾ ಶಿಥಿಲವಾಗಿದೆ. ನೆರಳು ಕಮ್ಮಿ, ಹಾಗಾಗಿ ಸಂಜೆ ನಾಲ್ಕರ ಮೇಲೆ ಹೋಗಿ. ಮನೆಯಿಂದ ಒಂದು ಬಾಟಲಿ ಮಜ್ಜಿಗೆ ತಗೊಂಡು ಹೋಗಿ.